ಮತಗಟ್ಟೆಯಲ್ಲಿ ಮುಖದ ಸಾಕ್ಷಿ

ಮತ ಹಾಕಿದವರ ಬೆರಳಿಗೆ ಹಚ್ಚುವ ಮೈಸೂರಿನ ಶಾಯಿ 1962ರ ಸಾರ್ವತ್ರಿಕ ಚುನಾವಣೆಯಿಂದ ಬಳಕೆಯಲ್ಲಿದೆ. ಒಬ್ಬರೇ ಎರಡು ಸಲ ಮತ ಹಾಕುವುದನ್ನು ಅದು ತಡೆಯುತ್ತದೆ. ಒಬ್ಬರ ಹೆಸರಿನಲ್ಲಿ ಮತ್ತೊಬ್ಬರು ಬಂದರೆ ತಡೆಯಲಾರದು. ಈ ಕೊರತೆ ನೀಗಿಸಲೆಂದೇ ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಭಾವಚಿತ್ರವಿರುವ ಮತದಾರರ ಗುರುತಿನ ಚೀಟಿ ಬಂತು.

ಚೀಟಿಯ ಪರವಾದ ವಾದ ಗಟ್ಟಿಯಾದದ್ದು. ನಿಮ್ಮ ಮತವನ್ನು ಬೇರೆಯವರು ಮೊದಲೇ ಹಾಕಿಹೋಗಿದ್ದರೆ ನಿಮಗೆ ಸಿಗುವುದು ಮತಯಂತ್ರವಲ್ಲ, ಕಾಗದದ ಮತಪತ್ರ. ಅದನ್ನು ಪ್ರತ್ಯೇಕ ಲಕೋಟೆಯಲ್ಲಿಡುತ್ತಾರೆ, ಸಾಮಾನ್ಯ ಎಣಿಕೆಗೆ ಸೇರಿಸುವುದಿಲ್ಲ. ಚೀಟಿ ಇಲ್ಲದ ಕಾಲದಲ್ಲಿ ಮತದಾರರ ಗುರುತು ಬಹುಮಟ್ಟಿಗೆ ಪಕ್ಷಗಳ ಏಜೆಂಟರ ಕಣ್ಣಿಗೆ ಬಿಟ್ಟ ವಿಷಯವಾಗಿತ್ತು. ಊರ ಗಣ್ಯರ ಪರಿಚಯವಿಲ್ಲದ ಕೂಲಿಯವರು, ಹೊಸದಾಗಿ ಬಂದು ನೆಲೆಸಿದವರು ಯಾರ ಹಂಗೂ ಇಲ್ಲದೆ ‘ಇದು ನಾನೇ’ ಎನ್ನಲು ಈ ಚೀಟಿ ಬಲ ಕೊಟ್ಟಿದೆ.

ಎದುರು ವಾದವನ್ನೂ ತಳ್ಳಿಹಾಕುವಂತಿಲ್ಲ. 1960ರಲ್ಲಿ ಕಲ್ಕತ್ತಾದ ಒಂದು ಲೋಕಸಭಾ ಕ್ಷೇತ್ರದಲ್ಲಿ ಇಂಥ ಚೀಟಿ ಕೊಡುವ ಪ್ರಯೋಗ ನಡೆದಾಗ ಅನೇಕ ಮಹಿಳೆಯರು ಫೋಟೊ ತೆಗೆಸಿಕೊಳ್ಳಲು ಒಪ್ಪಲಿಲ್ಲ, ಯೋಜನೆಯನ್ನೇ ಕೈಬಿಡಬೇಕಾಯಿತು. ಪರ್ದಾ ಪಾಲಿಸುವವರಿಗೆ ಆ ಸಂಕೋಚ ಇಂದಿಗೂ ಇದೆ. ಅವಸರದಲ್ಲಿ ತೆಗೆದ ಮಸುಕು ಚಿತ್ರ, ವಯಸ್ಸಿನೊಂದಿಗೆ ಬದಲಾದ ಮುಖ, ಮಳೆಯಲ್ಲಿ ಕೊಚ್ಚಿಹೋದ ಕಾಗದಪತ್ರ, ಇವುಗಳ ಪೆಟ್ಟು ಹೆಚ್ಚಾಗಿ ತಾಗುವುದು ಬಡವರಿಗೆ. ಮೇಲಾಗಿ ಚೀಟಿ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತವಿಲ್ಲ. ಇದು ಎಷ್ಟೋ ಜನರಿಗೆ ತಿಳಿಯುವುದು ಮತದಾನದ ದಿನವೇ.

ಚೀಟಿ ಇಲ್ಲದವರು ಪಾಸ್‌ಪೋರ್ಟ್, ಚಾಲನಾ ಪರವಾನಗಿ, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್‌ನಂಥ ದಾಖಲೆ ತೋರಿಸಬಹುದೆಂದು ಆಯೋಗ ಅವಕಾಶ ಕೊಟ್ಟಿದೆ. ಕಾಗುಣಿತದಂಥ ಸಣ್ಣ ತಪ್ಪುಗಳನ್ನು ದೊಡ್ಡದು ಮಾಡಬಾರದೆಂದೂ ಹೇಳಿದೆ. ಇದು ಸರಿಯಾದ ದಾರಿ. ಆದರೆ ಇವೆಲ್ಲವೂ ಯಾವುದೋ ಒಂದು ಕಚೇರಿ ತಲುಪಿ ಬಂದವರ ಬಳಿ ಇರುವ ದಾಖಲೆಗಳು.

ಎರಡನ್ನೂ ತೂಗಿದರೆ ಭಾವಚಿತ್ರ ಇರಬೇಕೆಂದೇ ನನಗನ್ನಿಸುತ್ತದೆ. ಕಳ್ಳ ಮತವೂ ಅರ್ಹರನ್ನು ವಂಚಿಸುವ ಅನ್ಯಾಯವೇ. ಹಾಗಿದ್ದರೂ ಮುಖವನ್ನು ಸಾಕ್ಷಿಯಾಗಿ ಕೇಳುವ ಸರ್ಕಾರಕ್ಕೆ ಒಂದು ಕರ್ತವ್ಯವೂ ಅಂಟಿಕೊಂಡಿದೆ: ಬೂತ್ ಮಟ್ಟದ ಅಧಿಕಾರಿ ಚುನಾವಣೆಗೆ ಮುಂಚೆಯೇ ಮನೆಬಾಗಿಲಿಗೆ ಬಂದು ಹೆಸರು, ಚಿತ್ರ ಎರಡನ್ನೂ ಸರಿಪಡಿಸಬೇಕು, ಪರ್ದಾದ ಮಹಿಳೆಯರ ಗುರುತು ನೋಡಲು ಮಹಿಳಾ ಸಿಬ್ಬಂದಿ ಇರಬೇಕು. ಚಿತ್ರ ಹೊಂದದಿದ್ದರೆ ವಿಚಾರಣೆ ನಡೆಯಲಿ. ಪಟ್ಟಿಯಲ್ಲಿ ಹೆಸರಿರುವವರನ್ನು ವಿಚಾರಿಸದೆ ವಾಪಸ್ ಕಳಿಸುವುದು ಮಾತ್ರ ಆಗಬಾರದು.