ಬಯಲುಸೀಮೆಯ ಸವಾರನೂ ಘಟ್ಟದ ಏರೂ

ಗುರುಮಠಕಲ್ಲಿನಲ್ಲಿ ಹುಟ್ಟಿ ಬೆಳೆದ ವಿದ್ಯಾರ್ಥಿಯೊಬ್ಬನು ನೀಲಗಿರಿಯ ಘಟ್ಟವನ್ನು ಸೈಕಲ್ಲಿನ ಮೇಲೆ ಏರುತ್ತೇನೆಂದರೆ ಕೇಳಿದವರು ನಗುವುದು ಸಹಜ. ಊರಿನ ಸುತ್ತ ಇರುವುದು ತೊಗರಿ, ಹತ್ತಿ, ಜೋಳದ ಹೊಲಗಳು, ನಡುನಡುವೆ ಕಲ್ಲುಗುಡ್ಡಗಳು, ನಜರಾಪುರದ ಬಳಿ ಮಳೆಗಾಲದಲ್ಲಿ ಧುಮುಕುವ ಒಂದು ಜಲಪಾತ. ಪರ್ವತವೆನ್ನಬಹುದಾದುದು ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಪರ್ವತದ ರಸ್ತೆಗಳಲ್ಲಿ ನಡೆಯುವ ದೂರದ ಸೈಕಲ್ ಸ್ಪರ್ಧೆಯು ಮಲೆನಾಡಿನವರಿಗೆ, ಇಲ್ಲವೆ ಲಕ್ಷ ರೂಪಾಯಿಯ ಸೈಕಲ್ಲನ್ನು ಕೊಳ್ಳಬಲ್ಲವರಿಗೆ ಮೀಸಲಾದುದೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಇದು ಭೌತವಿಜ್ಞಾನಕ್ಕೆ ಒಪ್ಪದ ಭಾವನೆಯೆಂದು ನಾವು ತಿಳಿದಿದ್ದೇವೆ. ಧೈರ್ಯವೊಂದಿದ್ದರೆ ಸಾಕೆಂಬ ಮಾತೂ ಅಷ್ಟೇ ಒಪ್ಪದುದು.

ನೀಲಗಿರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 2008ರಲ್ಲಿ ಬೆಂಗಳೂರಿನ ಸೈಕಲ್ ಪ್ರಿಯರು 'ಟೂರ್ ಆಫ್ ನೀಲಗಿರೀಸ್' ಎಂಬ ಹಲವು ದಿನಗಳ ಪ್ರವಾಸವನ್ನು ಆರಂಭಿಸಿದರು. ಅದು ಮುಖ್ಯವಾಗಿ ಹವ್ಯಾಸಿಗಳ ಸವಾರಿ. ಆದರೆ ಕೆಲವು ಭಾಗಗಳಲ್ಲಿ ಗಡಿಯಾರ ಹಿಡಿದು ಸ್ಪರ್ಧೆಯನ್ನೂ ನಡೆಸುತ್ತಾರೆ. ಅದರ ಅತ್ಯಂತ ಪ್ರಸಿದ್ಧವಾದ ಏರು ಮಸಿನಗುಡಿಯಿಂದ ಊಟಿಯ ಕಡೆಗೆ ಹೋಗುವ ಕಲ್ಹಟ್ಟಿ ಘಟ್ಟ. ಮೂವತ್ತಾರು ಹೇರ್‌ಪಿನ್ ತಿರುವುಗಳುಳ್ಳ ಈ ದಾರಿ ಹನ್ನೆರಡು ಕಿಲೊಮೀಟರಿನಷ್ಟು ದೂರದಲ್ಲಿ ಸಾವಿರ ಮೀಟರಿಗೂ ಹೆಚ್ಚು ಮೇಲೇರುತ್ತದೆ. ಅಂಕಿಗಳಿಗೆ ಹೆದರುವ ವಾಚಕರು ಇಲ್ಲಿ ಸ್ವಲ್ಪ ತಾಳ್ಮೆ ತೋರಬೇಕು. ಪ್ರೌಢಶಾಲೆಯ ಗಣಿತಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

ಸವಾರನ ತೂಕ 60 ಕಿಲೊಗ್ರಾಂ, ಸೈಕಲ್ಲು 15, ನೀರು, ಬಟ್ಟೆ, ಬುತ್ತಿ 5. ಒಟ್ಟು 80 ಕಿಲೊಗ್ರಾಂ. ಇಷ್ಟನ್ನು ಸಾವಿರ ಮೀಟರು ಮೇಲೆತ್ತಲು ಬೇಕಾದ ಕೆಲಸ ಸುಮಾರು 7,84,000 ಜೂಲ್. ಟೈರಿನ ಉರುಳು, ಗಾಳಿಯ ತಡೆ, ಚೈನಿನ ಘರ್ಷಣೆ ಇವುಗಳಿಗೆ ಹತ್ತರಲ್ಲೊಂದು ಭಾಗವನ್ನು ಕೂಡಿಸಿದರೆ 8,60,000 ಜೂಲ್ ಆಗುತ್ತದೆ. ಕೆಲವು ತಿಂಗಳು ಕ್ರಮವಾಗಿ ಅಭ್ಯಾಸ ಮಾಡಿದ ತರುಣನು 150 ವಾಟ್ ಶಕ್ತಿಯನ್ನು ಒಂದೂವರೆ ಗಂಟೆ ಎಡೆಬಿಡದೆ ಕೊಡಬಲ್ಲನು. ಭಾಗಿಸಿ ನೋಡಿದರೆ ಏರಲು ಹಿಡಿಯುವ ಕಾಲ ಸುಮಾರು 95 ನಿಮಿಷ. ಪರ್ವತವು ಕೇಳುವುದು ಇಷ್ಟೇ. ಸವಾರನು ಎಲ್ಲಿ ಹುಟ್ಟಿದನೆಂಬುದು ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಆದರೆ ಅದೇ 150 ವಾಟನ್ನು ಹೇಗೆ ಕೊಡುವುದೆಂಬುದು ಬಹು ಮುಖ್ಯವಾದ ಪ್ರಶ್ನೆ. ಸೋಲು ಗೆಲುವು ಇರುವುದು ಇಲ್ಲಿಯೇ. 95 ನಿಮಿಷಗಳಲ್ಲಿ ಹನ್ನೆರಡು ಕಿಲೊಮೀಟರು ಎಂದರೆ ನಿಮಿಷಕ್ಕೆ 126 ಮೀಟರು. 2006-07ರಿಂದ ಹಲವು ವರ್ಷ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲುಗಳನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಅಂತಹ ಒಂಟಿ ಗೇರಿನ ಸೈಕಲ್ಲು ಪೆಡಲಿನ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರು ಸಾಗುತ್ತದೆ. ಆಗ ಕಾಲು ನಿಮಿಷಕ್ಕೆ 23 ಸುತ್ತು ಮಾತ್ರ ತಿರುಗುತ್ತದೆ. ಪ್ರತಿ ಸುತ್ತಿನಲ್ಲಿಯೂ ಪೆಡಲಿನ ಮೇಲೆ ಸರಾಸರಿ 37 ಕಿಲೊಗ್ರಾಂ ತೂಕದಷ್ಟು ಬಲವನ್ನು ಹಾಕಬೇಕಾಗುತ್ತದೆ. ಕಾಲು ಸುತ್ತಿನ ಉದ್ದಕ್ಕೂ ಒಂದೇ ಸಮನೆ ಒತ್ತಲಾರದಾದುದರಿಂದ, ಗರಿಷ್ಠ ಒತ್ತು ಇದರ ಎರಡರಷ್ಟಕ್ಕೆ ಹತ್ತಿರ ಹೋಗುತ್ತದೆ. ಎಂದರೆ ಸವಾರನ ತೂಕವನ್ನೂ ಮೀರುತ್ತದೆ. ಅವನು ಎದ್ದು ನಿಂತು, ಹ್ಯಾಂಡಲ್ಲನ್ನು ಜಗ್ಗುತ್ತ ತುಳಿಯದೆ ಬೇರೆ ದಾರಿಯಿಲ್ಲ. ಎರಡನೆಯ ತಿರುವಿನೊಳಗೇ ಮಂಡಿ ನೋಯತೊಡಗುತ್ತದೆ.

ಈಗ ಮುಂದೆ 34 ಹಲ್ಲು, ಹಿಂದೆ 34 ಹಲ್ಲು ಇರುವ ಗೇರನ್ನು ಊಹಿಸಿಕೊಳ್ಳಿ. ಪೆಡಲಿನ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು ತಿರುಗಿ 2.1 ಮೀಟರು ಸಾಗುತ್ತದೆ. ಕಾಲು ನಿಮಿಷಕ್ಕೆ 60 ಸಲ ಸುಖವಾಗಿ ತಿರುಗುತ್ತದೆ. ಸರಾಸರಿ ಬಲ 14 ಕಿಲೊಗ್ರಾಂ ತೂಕಕ್ಕೆ ಇಳಿಯುತ್ತದೆ. ಶಕ್ತಿ ಅದೇ, ಪರ್ವತ ಅದೇ, ವೇಗವೂ ಅದೇ. ಆದರೂ 'ಸಣ್ಣ ಗೇರು ಹಾಕಿದ' ಎಂದು ಹಂಗಿಸುವ ಪದ್ಧತಿ ನಮ್ಮ ಹುಡುಗರಲ್ಲಿ ಇದೆ. ಇದಕ್ಕಿಂತ ಅರ್ಥವಿಲ್ಲದ ಹಂಗು ಇನ್ನೊಂದಿಲ್ಲ.

ಈ ಹಂಗು ನಮ್ಮಲ್ಲಿ ಮಾತ್ರ ಹುಟ್ಟಿದುದಲ್ಲ. ಟೂರ್ ದ ಫ್ರಾನ್ಸ್ ಸ್ಪರ್ಧೆಯು 1910ರಲ್ಲಿ ಪಿರೆನೀಸ್ ಪರ್ವತದ ಎತ್ತರದ ದಾರಿಗಳನ್ನು ಹತ್ತಿತು. ಆದರೆ ಓಡುತ್ತಿರುವಾಗಲೇ ಗೇರು ಬದಲಿಸುವ ಸಲಕರಣೆಗೆ ಅಲ್ಲಿ ಅನುಮತಿ ದೊರೆತುದು 1937ರಲ್ಲಿ! ಅಲ್ಲಿಯವರೆಗೆ ಜಗದ್ವಿಖ್ಯಾತ ಸವಾರರು ಏರಿನ ಬುಡದಲ್ಲಿ ಇಳಿದು, ಹಿಂದಿನ ಚಕ್ರವನ್ನು ಬಿಚ್ಚಿ, ಮಗ್ಗುಲು ಬದಲಿಸಿ, ಇನ್ನೊಂದು ಬದಿಯ ದೊಡ್ಡ ಹಲ್ಲುಚಕ್ರಕ್ಕೆ ಚೈನು ಹಾಕಿ ಮುಂದುವರಿಯುತ್ತಿದ್ದರು. ಅದೇ ಕಾಲದಲ್ಲಿ ಸೇಂತ್ ಎತಿಯೆನ್ ಪಟ್ಟಣದ ಪೋಲ್ ದ ವಿವೀ ಎಂಬ ಹವ್ಯಾಸಿಯು, 'ವೆಲೋಸಿಯೋ' ಎಂಬ ಹೆಸರಿನಲ್ಲಿ ಬರೆಯುತ್ತ, ಬಹುಗೇರಿನ ಸೈಕಲ್ಲಿನ ಪರವಾಗಿ ದಶಕಗಳ ಕಾಲ ವಾದಿಸಿದನು. ತನ್ನ ಊರಿನ ಹೊರಗಿನ ಘಟ್ಟವನ್ನು ಮುದಿತನದಲ್ಲಿಯೂ ಏರಿ ತೋರಿಸಿದನು. ಕೊನೆಗೆ ವೃತ್ತಿಗಾರರೇ ಹವ್ಯಾಸಿಯ ದಾರಿಗೆ ಬಂದರು.

ಹಗುರವಾದ ಸೈಕಲ್ಲಿನ ಮೋಹವನ್ನು ಕುರಿತು ಒಂದೇ ಮಾತು. ಎರಡು ಕಿಲೊಗ್ರಾಂ ಕಡಮೆಯಾದರೆ ನಮ್ಮ ಲೆಕ್ಕದಂತೆ 95 ನಿಮಿಷಗಳಲ್ಲಿ ಉಳಿಯುವುದು ಸುಮಾರು ಎರಡೂವರೆ ನಿಮಿಷ. ಪದಕಕ್ಕಾಗಿ ಹೋರಾಡುವವನಿಗೆ ಅದು ದೊಡ್ಡದು. ಮೊದಲ ಬಾರಿಗೆ ಹೋಗುವ ವಿದ್ಯಾರ್ಥಿಯ ತಂದೆ ಅದಕ್ಕಾಗಿ ಸಾಲ ಮಾಡಬೇಕಾಗಿಲ್ಲ. ಹಣವಿದ್ದರೆ ಮೊದಲು ಗೇರಿಗೆ, ಅನಂತರ ಬ್ರೇಕಿಗೆ ಹಾಕಲಿ.

ಇನ್ನು ಅಭ್ಯಾಸದ ಮಾತು. ಘಟ್ಟವಿಲ್ಲದಲ್ಲಿ ಘಟ್ಟದ ಅಭ್ಯಾಸವೆಲ್ಲಿ? ಇದಕ್ಕೆ ಆಷಾಢದ ಗಾಳಿಯೇ ಉತ್ತರ. ಗುರುಮಠಕಲ್ಲಿನಿಂದ ಯಾದಗಿರಿಗೆ ಹೋಗುವ ರಸ್ತೆ ನೈಋತ್ಯದ ಕಡೆಗೆ ಸಾಗುತ್ತದೆ. ಮುಂಗಾರಿನ ಗಾಳಿ ನೇರವಾಗಿ ಎದೆಗೆ ಬಡಿಯುತ್ತದೆ. ಗಂಟೆಗೆ 20 ಕಿಲೊಮೀಟರು ವೇಗದ ಎದುರುಗಾಳಿಯಲ್ಲಿ ನೆಟ್ಟಗೆ ಕುಳಿತ ಸವಾರನು ಗಂಟೆಗೆ 15 ಕಿಲೊಮೀಟರು ಸಾಗಬೇಕಾದರೆ ಸುಮಾರು 130 ವಾಟ್ ಶಕ್ತಿ ಬೇಕು. ಗಾಳಿಯಿಲ್ಲದ ದಿನ ಇದೇ ಶಕ್ತಿ ಅವನನ್ನು ಗಂಟೆಗೆ 25 ಕಿಲೊಮೀಟರಿನ ಹತ್ತಿರ ಒಯ್ಯುತ್ತಿತ್ತು. ಆ ಗಾಳಿಯು ನೂರಕ್ಕೆ ಮೂರರಷ್ಟು ಏರಿಗೆ ಸಮ. ಮೂವತ್ತೈದು ಕಿಲೊಮೀಟರಿನವರೆಗೆ ಎಲ್ಲಿಯೂ ಮುಗಿಯದ ಏರು. ಎರಡು ಗಂಟೆಗೂ ಮೀರಿ ಒಂದೇ ಶಕ್ತಿಯನ್ನು ಕೊಡುವುದನ್ನು ಕಲಿತ ಕಾಲಿಗೆ ಕಲ್ಹಟ್ಟಿಯ ಒಂದೂವರೆ ಗಂಟೆ ಅಪರಿಚಿತವಲ್ಲ. ವಿಜಯಪುರ, ಬಾಗಲಕೋಟೆಗಳ ಬಯಲಿನಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳು ತಲೆಮಾರಿನಿಂದ ತಲೆಮಾರಿಗೆ ಬರುತ್ತಿರುವುದನ್ನು ನೋಡಿಯೂ ನಾವು ಪರ್ವತವಿಲ್ಲವೆಂದು ಕೊರಗುವುದು ವಿಚಿತ್ರವೇ ಸರಿ.

ಬಿಸಿಲಿನ ಮಾತು ಸ್ವಲ್ಪ ಎಚ್ಚರಿಕೆಯಿಂದ ಆಡಬೇಕಾದುದು. ಸ್ನಾಯುಗಳು ಉರಿಸಿದ ಶಕ್ತಿಯಲ್ಲಿ ಪೆಡಲಿಗೆ ಮುಟ್ಟುವುದು ನಾಲ್ಕರಲ್ಲಿ ಒಂದು ಭಾಗ, ಕೆಲವೊಮ್ಮೆ ಐದರಲ್ಲಿ ಒಂದು, ಉಳಿದುದೆಲ್ಲ ಶಾಖ. ಮೇಲೆ ಹೇಳಿದ ಏರಿಗೆ ಸುಮಾರು 900 ಕಿಲೊಕ್ಯಾಲೊರಿ ವೆಚ್ಚವಾಗುತ್ತದೆ. ಹುಟ್ಟಿದ ಶಾಖವನ್ನು ಕಳೆಯಲು ಒಂದು ಲೀಟರಿಗೂ ಹೆಚ್ಚು ಬೆವರು ಆವಿಯಾಗಬೇಕು. ಯಾದಗಿರಿ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹತ್ತು ಹದಿನಾಲ್ಕು ದಿನ ಮೆಲ್ಲಮೆಲ್ಲನೆ ಬಿಸಿಲಿಗೆ ಒಗ್ಗಿಸಿಕೊಂಡ ದೇಹವು ಬೇಗ ಬೆವರಲು ಕಲಿಯುತ್ತದೆ, ರಕ್ತದ ದ್ರವಾಂಶ ಹೆಚ್ಚುತ್ತದೆ. ಇದು ನಮ್ಮವರಿಗೆ ನಿಸರ್ಗ ಕೊಟ್ಟ ಅನುಕೂಲ. ಆದರೆ ನಡುಹಗಲಿನಲ್ಲಿ ಶೌರ್ಯ ತೋರಿಸಲು ಹೊರಡುವುದನ್ನು ನಾವು ಖಂಡಿತ ಒಪ್ಪುವುದಿಲ್ಲ; ಬಿಸಿಲಿನ ಹೊಡೆತ ಪ್ರಾಣವನ್ನೇ ತೆಗೆಯಬಲ್ಲುದು. ನೀರನ್ನು ಬಾಯಾರಿದಷ್ಟು ಕುಡಿಯಬೇಕು. ಹೆದರಿಕೆಯಿಂದ ಲೀಟರುಗಟ್ಟಲೆ ಬರಿಯ ನೀರು ಕುಡಿದರೆ ರಕ್ತದ ಉಪ್ಪು ತೆಳುವಾಗಿ ಅದೂ ಅಪಾಯಕರ. ದೇಹದಲ್ಲಿ ಕೂಡಿಟ್ಟ ಸಕ್ಕರೆಯ ಅಂಶ ನಾಲ್ಕೈದು ನೂರು ಗ್ರಾಂ ಮಾತ್ರ. ಎರಡು ಗಂಟೆ ಮೀರಿದ ಸವಾರಿಯಲ್ಲಿ ಬೆಲ್ಲ, ಬಾಳೆಹಣ್ಣು ಜೇಬಿನಲ್ಲಿರಲೇಬೇಕು. ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಉತ್ತಮ ಆಹಾರವೇ. ಆದರೆ ಏರಿನ ನಡುವೆ ಅರಗುವುದಿಲ್ಲ, ಅದು ಊಟಿಯಲ್ಲಿ.

ಬಯಲು ಕಲಿಸದ ವಿಷಯಗಳು ಎರಡಿವೆ. ಒಂದು ಎತ್ತರ: 2,200 ಮೀಟರಿನಲ್ಲಿ ಪ್ರತಿ ಉಸಿರಿನ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಕಾಲುಭಾಗದಷ್ಟು ಕಡಮೆ, ಕಾಲಿನ ಶಕ್ತಿ ನೂರಕ್ಕೆ ಹತ್ತರಷ್ಟು ಕುಗ್ಗಬಹುದು. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿದರಾಯಿತು. ಇನ್ನೊಂದು ಇಳಿಯುವುದು. ಏರುವಾಗ ಕೂಡಿಟ್ಟ 7,84,000 ಜೂಲ್ ಇಳಿಯುವಾಗ ಗಾಳಿಗೆ ಹೋಗಬೇಕು, ಇಲ್ಲವೆ ಬ್ರೇಕಿನಲ್ಲಿ ಶಾಖವಾಗಬೇಕು. ಬ್ರೇಕನ್ನು ಎಡೆಬಿಡದೆ ಒತ್ತಿಹಿಡಿದರೆ ರಿಮ್ಮು ಕಾದು ಟ್ಯೂಬು ಸಿಡಿಯುವುದುಂಟು. ಮಳೆಯಲ್ಲಿ ಉಕ್ಕಿನ ರಿಮ್ಮಿನ ಮೇಲೆ ರಬ್ಬರು ಹಿಡಿಯುವುದೇ ಇಲ್ಲ. ಕಲ್ಹಟ್ಟಿಯಲ್ಲಿಯೇ 2018ರ ಒಂದು ಭೀಕರ ಅಪಘಾತದ ಅನಂತರ ಹೊರಗಿನ ವಾಹನಗಳು ಇಳಿಯುವುದನ್ನು ಪೊಲೀಸರು ನಿರ್ಬಂಧಿಸಿದರು. ಇಳಿಯುವುದರಲ್ಲಿ ಸ್ಪರ್ಧೆ ಬೇಡ.

ನಮ್ಮ ಶಾಲಾ ಕಾಲೇಜುಗಳ ಕ್ರೀಡಾಕೂಟಗಳ ಮೇಲೆ ನಮಗೊಂದು ಆಕ್ಷೇಪವಿದೆ. ಅಲ್ಲಿ ಮೂವರಿಗೆ ಬಹುಮಾನ, ಉಳಿದವರಿಗೆ ಚಪ್ಪಾಳೆಯೂ ಇಲ್ಲ. ಫ್ರಾನ್ಸಿನಿಂದ ಬಂದ 'ಬ್ರೆವೆ' ಎಂಬ ಸವಾರಿಯ ಪದ್ಧತಿ ಬೇರೆ: 200 ಕಿಲೊಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ ಇಪ್ಪತ್ತು ಗಂಟೆ, ಗಡುವಿನೊಳಗೆ ಮುಗಿಸಿದವರೆಲ್ಲ ಸಮಾನರು, ಸ್ಥಾನಗಳ ಪಟ್ಟಿಯೇ ಇಲ್ಲ. ಮುಗಿಸಲಾಗದೆ ನಿಂತರೆ ಅವಮಾನವೂ ಇಲ್ಲ. ಅಮೆರಿಕವನ್ನು ಅಡ್ಡಲಾಗಿ ದಾಟುವ ಸುಮಾರು 4,800 ಕಿಲೊಮೀಟರಿನ ಸ್ಪರ್ಧೆಯಲ್ಲಿ ಸೇನಾ ವೈದ್ಯ ಶ್ರೀನಿವಾಸ ಗೋಕುಲನಾಥರು 2016ರಲ್ಲಿ ನಡುದಾರಿಯಲ್ಲಿ ನಿಲ್ಲಿಸಿದರು. 2017ರಲ್ಲಿ ಮರಳಿ ಹೋಗಿ, ಒಬ್ಬಂಟಿಯಾಗಿ ಅದನ್ನು ಗಡುವಿನೊಳಗೆ ಮುಗಿಸಿದ ಮೊದಲ ಭಾರತೀಯರಾದರು.

ಆದುದರಿಂದ ನಮ್ಮ ಸಲಹೆ ಇದು. ಗುರುಮಠಕಲ್ಲಿನ ಕಾಲೇಜುಗಳು ಕೂಡಿ ಆಷಾಢದ ಒಂದು ಭಾನುವಾರ ಬೆಳಗ್ಗೆ ಆರು ಗಂಟೆಗೆ ಯಾದಗಿರಿಗೆ ಹೋಗಿಬರುವ ಸವಾರಿಯನ್ನು ಏರ್ಪಡಿಸಲಿ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ. ಎಪ್ಪತ್ತು ಕಿಲೊಮೀಟರಿಗೆ ಐದು ಗಂಟೆಯ ಗಡುವು. ಹುಡುಗಿಯರಿಗೂ ಹುಡುಗರಿಗೂ ಒಂದೇ ಗಡುವು ಸಾಕು. ಯಾದಗಿರಿಯಲ್ಲಿ ಒಬ್ಬ ಅಧ್ಯಾಪಕರು ಕುಳಿತು ಚೀಟಿಗೆ ಮುದ್ರೆ ಒತ್ತಲಿ, ಮಜ್ಜಿಗೆ ಕೊಡಲಿ. ಹಿಂದಿನಿಂದ ಒಂದು ವಾಹನ ಬರಲಿ. ತಲೆಗೆ ಹೆಲ್ಮೆಟ್ಟಿಲ್ಲದವರನ್ನು ಹೊರಡಗೊಡದಿರಲಿ. ಸರ್ಕಾರದ ಹಳೆಯ ಸೈಕಲ್ಲನ್ನು ತರುವವರಿಗೆ, ಒಂಟಿ ಗೇರಿನ ಲೆಕ್ಕವನ್ನು ಮೇಲೆ ನೋಡಿದ್ದೇವಾದುದರಿಂದ, ಅರ್ಧ ಗಂಟೆ ಹೆಚ್ಚು ಕೊಡಬೇಕು.