ಅವರೆಕಾಳಿನ ಮೇಲೇಕೆ ಆರೋಪ?

ನಮ್ಮ ಕಡೆ ಗಂಡಸರ ಕಾಲ್ಬೆರಳು ಊದಿಕೊಂಡರೆ ವಿಚಾರಣೆ ನಡೆಯುವುದು ಅಡುಗೆಮನೆಯಲ್ಲಿ. ನಿನ್ನೆ ಏನು ಬೇಯಿಸಿದ್ದೆ, ಸಾರಿಗೆ ಯಾವ ಬೇಳೆ ಹಾಕಿದ್ದೆ, ಸೊಪ್ಪು ಯಾಕೆ ತಂದೆ ಎಂದು ಪ್ರಶ್ನೆಗಳು ಒಂದರ ಮೇಲೊಂದು ಬೀಳುತ್ತವೆ. ಉತ್ತರ ಕೊಡಬೇಕಾದವಳು ಸೌಟು ಹಿಡಿದು ನಿಂತ ಹೆಂಗಸು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕೂ ಊರುಗಳಲ್ಲಿ ನನಗೆ ನೆಂಟರಿದ್ದಾರೆ. ನಾಲ್ಕೂ ಕಡೆ ಇದೇ ನ್ಯಾಯ. ಇದು ನ್ಯಾಯವಲ್ಲ ಎಂದು ಹೇಳುವುದಕ್ಕೇ ಈ ಬರಹ.

ಕಾಯಿಲೆಯ ಹೆಸರು ಗೌಟ್. ಆಯುರ್ವೇದದಲ್ಲಿ ವಾತರಕ್ತ, ಉಳ್ಳವರ ಕಾಯಿಲೆಯೆಂದು ಆಢ್ಯವಾತ ಎಂಬ ಹೆಸರೂ ಉಂಟು. ರಕ್ತದಲ್ಲಿ ಯೂರಿಕ್ ಆಮ್ಲ ಮಿತಿಮೀರಿದಾಗ ಅದು ಸೂಜಿಯಂಥ ಹರಳುಗಳಾಗಿ ಕೀಲುಗಳಲ್ಲಿ ಕೂರುತ್ತದೆ. ದೇಹದ ತುದಿಯಲ್ಲಿ, ತಣ್ಣಗಿರುವ ಕಡೆ ಹರಳು ಬೇಗ ಕಟ್ಟುತ್ತದೆ. ಹಾಗಾಗಿ ಹೆಚ್ಚಿನವರಲ್ಲಿ ಕಾಲಿನ ಹೆಬ್ಬೆರಳೇ ಮೊದಲು ಸಿಕ್ಕಿಬೀಳುವುದು. ಎಷ್ಟೋ ಸಲ ನಡುರಾತ್ರಿಯಲ್ಲಿ ಶುರುವಾಗಿ, ಬೆಳಗಾಗುವುದರೊಳಗೆ ಬೆರಳು ಕೆಂಪಗೆ ಊದಿ, ಹೊದಿಕೆ ತಗುಲಿದರೂ ಜೀವ ಹೋದಂತಾಗುತ್ತದೆ. ಆ ನೋವು ಸುಳ್ಳೆಂದು ನಾನು ಹೇಳುತ್ತಿಲ್ಲ. ಆ ನೋವಿಗೆ ಹೊಣೆ ಯಾರೆಂದು ಹೇಳುತ್ತಾರಲ್ಲ, ಅದು ಸುಳ್ಳು.

ನನ್ನ ಭಾವನವರ ಮನೆ ಮಾಗಡಿಯಲ್ಲಿ. ಮಾಗಡಿ ಎಂದರೆ ಅವರೆಕಾಯಿ. ಚಳಿ ಬಿದ್ದರೆ ಸಾಕು, ಸೊಗಡಿನ ಕಾಯಿ ಬಿಡಿಸಿ, ಕಾಳು ನೆನೆಸಿ, ಹಿತುಕಿ ಸಾರು ಮಾಡದ ಮನೆಯಿಲ್ಲ. ಭಾವನವರಿಗೆ ಗೌಟ್ ಬಂದ ವರ್ಷ ಯಾರೋ ಒಂದು ಪಟ್ಟಿ ಬರೆದುಕೊಟ್ಟರು. ಅವರೆ, ಹುರುಳಿ, ತೊಗರಿ, ಕಡಲೆ, ಬಟಾಣಿ, ಪಾಲಕ್ ಸೊಪ್ಪು, ಹೂಕೋಸು, ಅಣಬೆ, ಇವೆಲ್ಲ ನಿಷಿದ್ಧ. ಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿತು. ಅಂದಿನಿಂದ ನನ್ನ ಓರಗಿತ್ತಿಗೆ ಎರಡು ಅಡುಗೆ: ಮನೆಯವರಿಗೊಂದು, ಯಜಮಾನರಿಗೆ ಬೇಳೆಯಿಲ್ಲದ ತಿಳಿಸಾರು ಇನ್ನೊಂದು. ಎರಡನೆಯ ಚಳಿಗಾಲಕ್ಕೆ ಅವರೆಕಾಯಿ ಮನೆಯೊಳಕ್ಕೇ ಬರಲಿಲ್ಲ. ‘ಘಮ ಬಂದ್ರೆ ಅವ್ರಿಗೆ ಆಸೆಯಾಗುತ್ತೆ ಕಣೇ, ಪಾಪ’ ಅಂದಳು ಅಕ್ಕ.

ಆದರೆ ಶನಿವಾರದ ಬಾಟಲಿಗೆ ಯಾವ ಪಟ್ಟಿಯೂ ಅಂಟಿರಲಿಲ್ಲ. ಭಾನುವಾರ ಮಿಲಿಟರಿ ಹೋಟೆಲಿನಿಂದ ಬೋಟಿ ಗೊಜ್ಜು, ಲಿವರ್ ಫ್ರೈ ಬರುವುದೂ ನಿಂತಿರಲಿಲ್ಲ. ಡಾಕ್ಟರು ‘ಎಣ್ಣೆ ಕಡಿಮೆ ಮಾಡಿ’ ಎಂದಾಗ ಕಡಿಮೆಯಾಗಿದ್ದು ಒಗ್ಗರಣೆಯ ಎಣ್ಣೆ ಮಾತ್ರ! ನಾನು ತಡೆಯಲಾರದೆ ಕೇಳಿಯೇಬಿಟ್ಟೆ: ‘ಭಾವ, ನಿಮ್ಮ ಪಟ್ಟೀಲಿ ಬೋಟಿ ಇಲ್ವಾ?’ ಅವರು ನಗುತ್ತ, ‘ಅದು ವಾರಕ್ಕೊಂದ್ ಸಲ ಕಣಮ್ಮ. ದಿನಾ ಹೊಟ್ಟೆಗೆ ಬೀಳೋದು ಬೇಳೆ ತಾನೆ?’ ಅಂದರು.

ಈ ಮಾತು ಮೇಲ್ನೋಟಕ್ಕೆ ಸರಿಯೆನ್ನಿಸುತ್ತದೆ. ಕಾಳು ಬೇಳೆಗಳಲ್ಲಿ ಪ್ಯೂರಿನ್ ಎಂಬ ವಸ್ತು ಇದೆ, ಅದು ಕರಗಿದಾಗ ಯೂರಿಕ್ ಆಮ್ಲವಾಗುತ್ತದೆ, ಇದೆಲ್ಲ ನಿಜ. ಬಹುಕಾಲ ಡಾಕ್ಟರುಗಳೂ ಈ ಲೆಕ್ಕದ ಮೇಲೆಯೇ ಬೇಳೆ ಬಿಡಿಸುತ್ತಿದ್ದರು. ಆದರೆ ಕಾಗದದ ಲೆಕ್ಕ ಬೇರೆ, ತಿಂದವರ ಮೈ ಹೇಳುವ ಲೆಕ್ಕ ಬೇರೆ. ಅಮೆರಿಕದಲ್ಲಿ 47,150 ಗಂಡಸರನ್ನು ಹನ್ನೆರಡು ವರ್ಷ ಗಮನಿಸಿ, ಏನೇನು ತಿಂದರು, ಯಾರಿಗೆ ಗೌಟ್ ಬಂತು ಎಂದು ಲೆಕ್ಕವಿಟ್ಟರು. ಹೊಸದಾಗಿ ಗೌಟ್ ಬಂದವರು 730 ಜನ. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಅತಿ ಹೆಚ್ಚು ಮಾಂಸ ತಿಂದವರಿಗೆ, ಅತಿ ಕಡಿಮೆ ತಿಂದವರಿಗಿಂತ ಅಪಾಯ ನೂರಕ್ಕೆ 41ರಷ್ಟು ಹೆಚ್ಚು. ಮೀನು ಸಿಗಡಿ ತಿಂದವರಿಗೆ 51ರಷ್ಟು ಹೆಚ್ಚು. ಬಟಾಣಿ, ಬೀನ್ಸ್, ಬೇಳೆ, ಪಾಲಕ್, ಅಣಬೆ, ಹೂಕೋಸು ತಿಂದವರಿಗೆ? ಅಪಾಯ ಹೆಚ್ಚಲೇ ಇಲ್ಲ. ಹಾಲು ಮೊಸರು ಬಳಸಿದವರಲ್ಲಿ ಕಾಯಿಲೆ ಕಡಿಮೆಯೇ ಇತ್ತು. ಅದೇ ವರ್ಷ ಅದೇ ತಂಡದವರು ಕುಡಿತದ ಲೆಕ್ಕವನ್ನೂ ಕೊಟ್ಟರು: ಬಿಯರ್ ಎಲ್ಲಕ್ಕಿಂತ ಮುಂದೆ, ಬ್ರಾಂದಿ ವಿಸ್ಕಿಯಂಥವು ಅದರ ಹಿಂದೆ. 2008ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ದಿನಕ್ಕೆ ಎರಡು ಅಥವಾ ಹೆಚ್ಚು ಬಾರಿ ಸಕ್ಕರೆ ಹಾಕಿದ ತಂಪು ಪಾನೀಯ ಕುಡಿಯುವವರಿಗೆ, ತಿಂಗಳಿಗೊಂದೂ ಕುಡಿಯದವರಿಗಿಂತ ಅಪಾಯ ನೂರಕ್ಕೆ 85ರಷ್ಟು ಹೆಚ್ಚು. ಮದುವೆ ಮನೆಯಲ್ಲಿ ಅವರೆಕಾಳಿನ ಪಲ್ಯವನ್ನು ಎಲೆಯ ಮೂಲೆಗೆ ತಳ್ಳಿ ಬಣ್ಣದ ಬಾಟಲಿ ಎತ್ತುವವರು ಇದನ್ನು ಕೇಳಿಸಿಕೊಳ್ಳಬೇಕು.

‘ನಮ್ಮ ಹಿರಿಯರೇ ಹುರುಳಿ ಅವರೆ ಬೇಡ ಅಂದಿದ್ದಾರೆ’ ಎಂದು ವಾದಿಸುವವರೂ ಉಂಟು. ಹೌದು, ಚರಕಸಂಹಿತೆಯ ವಾತರಕ್ತದ ಅಧ್ಯಾಯದಲ್ಲಿ ಹುರುಳಿ, ಉದ್ದು, ಅವರೆ, ಮಜ್ಜಿಗೆ ಕೂಡ ಇವೆ. ಅದೇ ಉಸಿರಿನಲ್ಲಿ ಮಾಂಸ, ಸುರೆ, ಆಸವಗಳೂ ಇವೆ. ಹಗಲು ನಿದ್ದೆಯೂ ಇದೆ. ಗ್ರಂಥವನ್ನು ಒಪ್ಪುವುದಾದರೆ ಪೂರ್ತಿ ಒಪ್ಪಲಿ. ಹುರುಳಿಯ ಸಾಲು ಕಾಣುವ ಕಣ್ಣಿಗೆ ಸುರೆಯ ಸಾಲು ಯಾಕೆ ಕಾಣುವುದಿಲ್ಲ? ಹೆಂಡತಿ ಬಿಡಬಹುದಾದ್ದೆಲ್ಲ ಪಥ್ಯ, ತಾನು ಬಿಡಬೇಕಾದ್ದು ಮಾತ್ರ ‘ವಾರಕ್ಕೊಂದ್ ಸಲ’ ಎಂದರೆ ಅದು ಯಾವ ಶಾಸ್ತ್ರ?

ಹಾಗಾದರೆ ಊಟ ಹೇಗಿರಬೇಕು? ನಮ್ಮ ಸೀಮೆಯ ಊಟವೇ ಸಾಕು. ರಾಗಿಮುದ್ದೆ, ಬಸ್ಸಾರು, ಮಸ್ಸೊಪ್ಪು, ಹುರುಳಿಕಾಳಿನ ಸಾರು, ಒಂದು ಲೋಟ ನೀರು ಮಜ್ಜಿಗೆ. ಕನಕಪುರದ ನನ್ನ ಚಿಕ್ಕಮ್ಮನ ಮನೆಯಲ್ಲಿ ಹಾಲೆಲ್ಲ ಡೈರಿಗೆ ಹೋಗಿ, ಮನೆಯವರು ಕರಿ ಕಾಫಿ ಕುಡಿಯುತ್ತಾರೆ. ಒಂದು ಲೀಟರು ಮನೆಗೂ ಉಳಿಯಲಿ. ಬಿಡಬೇಕಾದದ್ದು ಕುಡಿತ, ಬೋಟಿ, ಲಿವರ್, ಸಿಹಿ ಪಾನೀಯ. ಮಾಂಸ ಅಪರೂಪಕ್ಕೆ, ಅಳತೆಯಲ್ಲಿ. ನೀರು ಚೆನ್ನಾಗಿ ಕುಡಿಯಬೇಕು. ಮೈತೂಕ ಇಳಿಸಬೇಕು, ಆದರೆ ನಿಧಾನವಾಗಿ. ಉಪವಾಸ ಬಿದ್ದು ಒಮ್ಮೆಲೇ ಇಳಿಸಹೋದರೆ ಯೂರಿಕ್ ಆಮ್ಲ ಏರಿ ನೋವು ಕೆರಳುವುದುಂಟು. ಮೂತ್ರಪಿಂಡ ಕೆಟ್ಟವರ, ಸಕ್ಕರೆ ಕಾಯಿಲೆಯವರ ಪಥ್ಯ ಬೇರೆ. ಅದನ್ನು ಅವರವರ ಡಾಕ್ಟರೇ ಹೇಳಬೇಕು.

ಇಷ್ಟು ಹೇಳಿದರೂ ಮುಖ್ಯ ಮಾತು ಉಳಿದಿದೆ. ಈ ಕಾಯಿಲೆಯನ್ನು ಅಡುಗೆಮನೆಯೊಂದೇ ತಂದೂ ಇಲ್ಲ, ಅಡುಗೆಮನೆಯೊಂದೇ ಓಡಿಸಲೂ ಆರದು. ಯೂರಿಕ್ ಆಮ್ಲದ ಮೂರರಲ್ಲಿ ಎರಡು ಪಾಲು ನಮ್ಮ ದೇಹದೊಳಗೇ ಹುಟ್ಟುತ್ತದೆ. ಅದನ್ನು ಹೊರಹಾಕುವ ಕೆಲಸದಲ್ಲಿ ಮೂತ್ರಪಿಂಡ ಹಿಂದೆ ಬೀಳುವುದೇ ಬಹಳ ಮಂದಿಯಲ್ಲಿ ಕಾರಣ, ಅದೂ ಎಷ್ಟೋ ಸಲ ವಂಶದಿಂದ ಬಂದದ್ದು. ಎಷ್ಟೇ ಕಟ್ಟುನಿಟ್ಟಾಗಿ ಪಥ್ಯ ಮಾಡಿದರೂ ಸಾಮಾನ್ಯವಾಗಿ ಇಳಿಯುವುದು ಒಂದು ಮಿಲಿಗ್ರಾಂ ಆಸುಪಾಸು. ಭಾವನವರದು ಒಂಬತ್ತು ಇತ್ತು. ಆರರ ಕೆಳಗೆ ಬಂದರೆ ಹರಳು ಕರಗುತ್ತದೆ. ಒಂಬತ್ತರಲ್ಲಿ ಒಂದು ಕಳೆದರೆ ಎಷ್ಟು ಎಂಬ ಲೆಕ್ಕಕ್ಕೆ ಕಾಲೇಜು ಓದಬೇಕಿಲ್ಲ.

ಪದೇಪದೇ ನೋವು ಬರುವವರಿಗೆ ಔಷಧ ಬೇಕು. ಅಲೋಪ್ಯೂರಿನಾಲ್ ಎಂಬ ಮಾತ್ರೆ 1966ರಿಂದ ಗೌಟಿಗೆ ಬಳಕೆಯಲ್ಲಿದೆ. ಅದರ ಹಿಂದೆ ಒಬ್ಬ ಹೆಂಗಸಿದ್ದಾಳೆಂಬುದು ನನಗೆ ಬಹಳ ಹಿತ ಕೊಟ್ಟ ಸಂಗತಿ. ಗರ್ಟ್ರೂಡ್ ಎಲಿಯನ್ 1937ರಲ್ಲಿ ಪದವಿ ಮುಗಿಸಿದಾಗ, ಹೆಣ್ಣೆಂಬ ಕಾರಣಕ್ಕೆ ಪ್ರಯೋಗಾಲಯಗಳು ಕೆಲಸ ಕೊಡಲಿಲ್ಲ. ಆಕೆಗೇ 1988ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆ ಮಾತ್ರೆಯನ್ನು ಡಾಕ್ಟರು ಕಡಿಮೆ ಪ್ರಮಾಣದಲ್ಲಿ ಶುರುಮಾಡಿ, ರಕ್ತ ಪರೀಕ್ಷೆ ಮಾಡಿಸುತ್ತ ಏರಿಸುತ್ತಾರೆ. ನೋವಿಲ್ಲದ ದಿನವೂ ನುಂಗಬೇಕು. ಮೈಮೇಲೆ ದದ್ದು ಎದ್ದರೆ ನಿಲ್ಲಿಸಿ ಕೂಡಲೇ ಡಾಕ್ಟರ ಬಳಿ ಓಡಬೇಕು. ನಮ್ಮವರು ಮಾಡುವುದೇನು? ನೋವು ಬಂದಾಗ ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದು ನುಂಗಿ, ಇರುವ ಮೂತ್ರಪಿಂಡವನ್ನೂ ಕೆಡಿಸಿಕೊಂಡು, ಮತ್ತೆ ಹೆಂಡತಿಯ ಸಾರಿನಲ್ಲಿ ಬೇಳೆ ಹುಡುಕುತ್ತಾರೆ.

ಇನ್ನೊಂದು ಅನ್ಯಾಯವಿದೆ. ಗೌಟ್ ಗಂಡಸರ ಕಾಯಿಲೆಯೆಂದು ಎಲ್ಲರೂ ನಂಬಿದ್ದಾರೆ. ಮುಟ್ಟು ನಿಲ್ಲುವವರೆಗೆ ಈಸ್ಟ್ರೋಜನ್ ಹಾರ್ಮೋನು ಯೂರಿಕ್ ಆಮ್ಲ ಹೊರಹೋಗಲು ನೆರವಾಗುತ್ತದೆ. ಮುಟ್ಟು ನಿಂತ ಮೇಲೆ ಆ ರಕ್ಷಣೆ ತಪ್ಪುತ್ತದೆ. ನಮ್ಮಕ್ಕನಿಗೆ ಐವತ್ತೆಂಟು. ಪಾದದ ಕೀಲು ಎರಡು ಸಲ ಕೆಂಪಗೆ ಊದಿತು. ಮನೆಯವರು ‘ವಯಸ್ಸಾಯ್ತು’ ಅಂದರು. ತೋರಿಸಿದ ಕ್ಲಿನಿಕ್ಕಿನಲ್ಲಿ ‘ನಿಂತು ಕೆಲಸ ಮಾಡ್ತೀರಿ, ಅದಕ್ಕೇ’ ಅಂದರು. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಹೆಂಗಸಿಗೂ, ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗು ಹಚ್ಚುವ ಹೆಂಗಸಿಗೂ ಸಿಗುವುದು ಇದೇ ಉತ್ತರ. ಗಂಡನ ಯೂರಿಕ್ ಆಮ್ಲದ ಅಂಕಿ ಬಾಯಿಪಾಠವಾಗಿದ್ದ ಅಕ್ಕನ ರಕ್ತವನ್ನು ಯಾರೂ ಪರೀಕ್ಷಿಸಿರಲಿಲ್ಲ. ನಾನೇ ಕರೆದುಕೊಂಡು ಹೋಗಿ ಮಾಡಿಸಿದೆ. 8.4 ಬಂತು. ಬಿಪಿಗೆಂದು ನುಂಗುತ್ತಿದ್ದ, ಮೂತ್ರ ಹೆಚ್ಚಿಸುವ ಮಾತ್ರೆಯೂ ಯೂರಿಕ್ ಆಮ್ಲ ಏರಿಸುವಂಥದ್ದೆಂದು ಬೇರೆ ಡಾಕ್ಟರು ತಿಳಿಸಿ, ಅದನ್ನು ಬದಲಿಸಿಕೊಟ್ಟರು. ಇಂಥ ಮಾತ್ರೆಯನ್ನು ನಾವೇ ನಿಲ್ಲಿಸಬಾರದು, ಕೇಳಬೇಕು, ಬದಲಿಸಿಕೊಳ್ಳಬೇಕು.

ಬೇಳೆಯಿಲ್ಲದೆ ಎರಡು ವರ್ಷ ಅಡುಗೆ ಮಾಡಿದವಳು, ಬಾಟಲಿ ಮುಟ್ಟದವಳು, ಅವಳಿಗೂ ಗೌಟ್ ಬಂತಲ್ಲ! ಈಗ ಯಾರ ಸಾರನ್ನು ವಿಚಾರಣೆ ಮಾಡೋಣ?

ಅಕ್ಕತಂಗಿಯರೇ, ಪಥ್ಯದ ಪಟ್ಟಿ ಕೈಗೆ ಬಂದರೆ ಮೊದಲು ಓದಿ ನೋಡಿ. ಅದರಲ್ಲಿ ಕುಡಿತವಿದೆಯೇ, ಬೋಟಿಯಿದೆಯೇ, ಸಿಹಿ ಪಾನೀಯವಿದೆಯೇ? ಇಲ್ಲದಿದ್ದರೆ ಪೆನ್ನು ತೆಗೆದುಕೊಂಡು ಬರೆಯಿರಿ, ಎಲ್ಲಕ್ಕಿಂತ ಮೇಲೆ ಬರೆಯಿರಿ. ಮುಂದಿನ ಸಲ ಯಜಮಾನರನ್ನು ಡಾಕ್ಟರ ಬಳಿ ಕರೆದುಕೊಂಡು ಹೋದಾಗ, ನಿಮ್ಮ ಕೀಲು ನೋಯುತ್ತಿದ್ದರೆ ನಿಮ್ಮ ತೋಳನ್ನೂ ಮುಂದೆ ಚಾಚಿ, ರಕ್ತ ಕೊಟ್ಟು ಬನ್ನಿ. ಬರುವಾಗ ಸಂತೆಯಲ್ಲಿ ಅವರೆಕಾಯಿ ಕಂಡರೆ ಎರಡು ಕೇಜಿ ಹಾಕಿಸಿಕೊಳ್ಳಿ.