ಹಿಂದುಮುಂದಾದ ಗಣಿತ
ನೂರನ್ನು ಸಾವಿರದಿಂದ ಗುಣಿಸಿದರೆ ಲಕ್ಷ. ನೂರು ಹತ್ತರ 2ನೆಯ ಘಾತ, ಸಾವಿರ 3ನೆಯದು, ಲಕ್ಷ 5ನೆಯದು. ಸಂಖ್ಯೆಗಳನ್ನು ಗುಣಿಸಿದಲ್ಲಿ ಘಾತಾಂಕಗಳು ಕೂಡಿಕೊಂಡವಷ್ಟೆ! ಆ 2, 3, 5 ಎಂಬುವೇ ಲಾಗರಿತಮ್‌ಗಳು. 2ರ ಲಾಗರಿತಮ್ ಸುಮಾರು 0.3010 ಎಂದರೆ, ಹತ್ತನ್ನು ಅಷ್ಟು ಘಾತಕ್ಕೇರಿಸಿದಾಗ 2 ದೊರೆಯುವುದೆಂದರ್ಥ.

ಘಾತಾಂಕವನ್ನು ಮೊದಲು ಬೋಧಿಸಿ ಅನಂತರ ಲಾಗರಿತಮ್ ಹೇಳುವ ನಮ್ಮ ತರಗತಿಗಳ ಕ್ರಮ ಇತಿಹಾಸಕ್ಕೆ ತಲೆಕೆಳಗು. 1614ರಲ್ಲಿ ಲಾಗರಿತಮ್ ಕೋಷ್ಟಕವನ್ನು ಪ್ರಕಟಿಸಿದ ಸ್ಕಾಟ್ಲೆಂಡಿನ ಜಾನ್ ನೇಪಿಯರನ ಮುಂದೆ ಇಂದಿನ ಘಾತಾಂಕದ ಬರಹವೇ ಇರಲಿಲ್ಲ. ಅದನ್ನು ಬಳಕೆಗೆ ತಂದುದು 1637ರ ದೆಕಾರ್ತನ ಗ್ರಂಥ. ಚಲಿಸುವ ಎರಡು ಬಿಂದುಗಳನ್ನು ಕಲ್ಪಿಸಿಕೊಂಡು, ಸುಮಾರು ಇಪ್ಪತ್ತು ವರ್ಷ ಲೆಕ್ಕ ಮಾಡಿದ ಪುಣ್ಯಾತ್ಮನಾತ! ಗುಣಾಕಾರದಲ್ಲೇ ಆಯುಷ್ಯ ಸವೆಸುತ್ತಿದ್ದ ಖಗೋಳಜ್ಞರು ಬದುಕಿಕೊಂಡರು. ಹತ್ತನ್ನು ಆಧಾರವಾಗಿಟ್ಟ ಕೋಷ್ಟಕಗಳು ಮಾತ್ರ ಅವನನ್ನು 1615ರಲ್ಲಿ ಕಾಣಹೋದ ಹೆನ್ರಿ ಬ್ರಿಗ್ಸನವು. ಲಾಗರಿತಮ್ ಎಂಬುದು ಘಾತಾಂಕವೇ ಎಂದು ಆಯ್ಲರ್ ವ್ಯವಸ್ಥಿತವಾಗಿ ನಿರೂಪಿಸಿದ್ದು 1748ರಲ್ಲಿ.